ಸ್ಟ್ರೇಂಜರ್ ಥಿಂಗ್ಸ್ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಟ್‌ಫ್ಲಿಕ್ಸ್‌ನ ಈ ಭಯಾನಕ ಸರಣಿ ನೋಡಿದವರು, ಅದರ ಸಂಗೀತವನ್ನು ಕೀಬೋರ್ಡಿನಲ್ಲಿ ನುಡಿಸಲು ಹೊರಟವರು, ಅದೇ ಬಗೆಯ ಸದ್ದನ್ನು ತಮ್ಮ ದೆವ್ವದ ಕಥೆಗೆ ಕೂರಿಸಲು ಒದ್ದಾಡುತ್ತಿರುವವರು ಕೇಳುವ ಪ್ರಶ್ನೆಗಳಿವು. ನಾಲ್ಕನೇ ಸೀಸನ್‌ವರೆಗಿನ ಕಥೆಯ ತಿರುವುಗಳು ಉತ್ತರಗಳಲ್ಲಿ ಬಯಲಾಗುತ್ತವೆ. ಇನ್ನೂ ನೋಡದವರು ಮೊದಲ ಏಳು ಪ್ರಶ್ನೆ ಓದಿ ನಿಲ್ಲಿಸಬಹುದು, ಅಲ್ಲಿರುವುದು ಬರೀ ಸ್ವರ, ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್) ಮತ್ತು ಲೆಕ್ಕ.

ಈ ಸಂಗೀತ ಮಾಡಿದವರು ಯಾರು?

ಕೈಲ್ ಡಿಕ್ಸನ್ ಮತ್ತು ಮೈಕಲ್ ಸ್ಟೈನ್. ಇಬ್ಬರೂ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ 'ಸರ್ವೈವ್' ಎಂಬ ನಾಲ್ವರ ಸಿಂಥ್ ತಂಡದವರು. 2014ರ 'ದ ಗೆಸ್ಟ್' ಚಿತ್ರದಲ್ಲಿ ಆ ತಂಡದ ಸಂಗೀತ ಕೇಳಿದ್ದ ಡಫರ್ ಸಹೋದರರು ತಮ್ಮ ಸರಣಿಗೆ ಇವರನ್ನೇ ಹಿಡಿದರು. ಮೊದಲ ಸೀಸನ್ 2016ರ ಜುಲೈ 15ರಂದು ಬಂತು. ಶೀರ್ಷಿಕೆ ಸಂಗೀತಕ್ಕೆ 2017ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು.

ಇದು ಹಿನ್ನೆಲೆ ಸಂಗೀತದ ಮಾತು. ಕಥೆಯೊಳಗೆ ಬರುವ ಹಳೆಯ ಹಾಡುಗಳನ್ನು ಆರಿಸಿ, ಹಕ್ಕುದಾರರ ಒಪ್ಪಿಗೆ ತರುವ ಕೆಲಸ ಬೇರೆ. ಅದನ್ನು ಮಾಡಿದವರು ನೋರಾ ಫೆಲ್ಡರ್. ಆಲ್ಬಂಗಳೂ ಬೇರೆ ಬೇರೆ. 'ವಾಲ್ಯೂಮ್ ಒನ್', 'ವಾಲ್ಯೂಮ್ ಟೂ' ಅಂತ ಇರುವವು ಡಿಕ್ಸನ್–ಸ್ಟೈನ್ ಅವರ ಸಿಂಥ್ ಸಂಗೀತ. ಅದರಲ್ಲಿ ನಾಲ್ಕನೇ ಸೀಸನ್‌ನಲ್ಲಿ ಬರುವ ಇಂಗ್ಲಿಷ್ ಗಾಯಕಿ ಕೇಟ್ ಬುಷ್ ಅವರ ಹಾಡು ಹುಡುಕಿ ಸಿಗಲಿಲ್ಲ ಎನ್ನುವವರು ಬಹಳ ಜನ.

ಶೀರ್ಷಿಕೆ ಸಂಗೀತದ ಸ್ವರಗಳು ಯಾವುವು?

ಸಿ, ಇ, ಜಿ, ಬಿ, ಮೇಲಿನ ಸಿ, ಮತ್ತೆ ಬಿ, ಜಿ, ಇ. ಇಷ್ಟೇ ಎಂಟು ಸ್ವರ, ಸುತ್ತಿ ಸುತ್ತಿ ಬರುತ್ತವೆ. ಪಾಶ್ಚಾತ್ಯರ ಲೆಕ್ಕದಲ್ಲಿ ಸಿ ಮೇಜರ್ ಸೆವೆನ್ತ್ ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಿಡಿಸಿ ನುಡಿಸಿದ್ದು. ಬಿಳಿ ಒಂದನ್ನು, ಅಂದರೆ ಸಿಯನ್ನು, ಷಡ್ಜ ಮಾಡಿಕೊಂಡರೆ: ಸ ಗ ಪ ನಿ ಸ ನಿ ಪ ಗ. ಗಾಂಧಾರ ಅಂತರ, ನಿಷಾದ ಕಾಕಲಿ.

ಈಗ ಇದನ್ನು ಒಮ್ಮೆ ಬಾಯಲ್ಲಿ ಹಾಡಿ ನೋಡಿ. ರಿಷಭ ಒಂದನ್ನು ಸೇರಿಸಿದರೆ ಹಂಸಧ್ವನಿ. ಕಛೇರಿಯ ಮೊದಲಿಗೆ, ಗಣಪತಿ ಸ್ತುತಿಗೆ, ಮಂಗಳಕರವೆಂದು ಹಾಡುವ ಅದೇ ರಾಗದ ಸ್ವರಗಳು. ಕಥೆ ನಡೆಯುವ ಹಾಕಿನ್ಸ್ ಊರಿನ ದೆವ್ವಗಳು ಬರುವುದೂ ಇವೇ ಸ್ವರಗಳ ಮೇಲೆ. ಭಯ ಹುಟ್ಟಿಸಲು ವಿವಾದಿ ಸ್ವರಗಳೇ ಬೇಕು, ಶುಭಪಂತುವರಾಳಿಯೇ ಬೇಕು ಎಂದು ನಂಬಿ ಕೂತವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಹಾಗಾದರೆ ಅದು ಹೆದರಿಸುವುದು ಹೇಗೆ?

ಬರೀ ಸ್ವರದಿಂದಲ್ಲ, ಮುಖ್ಯವಾಗಿ ಸದ್ದಿನ ಗುಣದಿಂದ. ಮೂರು ಸಂಗತಿ ಗಮನಿಸಿ.

ಒಂದು, ಗಮಕ ಇಲ್ಲ. ಹಂಸಧ್ವನಿಯ ಗಾಂಧಾರವನ್ನು ಗಾಯಕರು ಎಲ್ಲೋ ಒಂದು ಕಡೆ ತೂಗುತ್ತಾರೆ, ಒಂದು ಕಡೆ ನಿಲ್ಲುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ. ಇಲ್ಲಿ ಎಂಟೂ ಸ್ವರ ಒಂದೇ ಅಳತೆ, ಒಂದೇ ಒತ್ತು. ನುಡಿಸುತ್ತಿರುವುದು ಮನುಷ್ಯರಲ್ಲ ಎಂದು ಕಿವಿಗೆ ಎರಡು ಸುತ್ತಿನಲ್ಲೇ ಗೊತ್ತಾಗುತ್ತದೆ.

ಎರಡು, ಫಿಲ್ಟರ್, ಅಂದರೆ ಸದ್ದಿನ ಒಂದು ಭಾಗವನ್ನು ತಡೆಯುವ ಜರಡಿ. ಮೊದಮೊದಲು ಸದ್ದು ಗೋಡೆಯಾಚೆಯಿಂದ ಬಂದ ಹಾಗೆ ಮಂಕಾಗಿರುತ್ತದೆ, ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಏನೋ ಹತ್ತಿರ ಬರುತ್ತಿದೆ ಎಂದು ಮೈ ಹೇಳುತ್ತದೆ. ಸ್ವರ ಬದಲಾಗಿಲ್ಲ, ಬಂದಿದ್ದು ಬರೀ ಬೆಳಕು.

ಮೂರು, ಕಾರ್ಡಿನೊಳಗಿನ ದ್ವಂದ್ವ. ಸಿ, ಇ, ಜಿ ಎಂದರೆ ಸಿ ಮೇಜರ್, ನಗುವ ಕಾರ್ಡು. ಇ, ಜಿ, ಬಿ ಎಂದರೆ ಇ ಮೈನರ್, ಅಳುವ ಕಾರ್ಡು. ಎರಡೂ ಒಂದೇ ನಾಲ್ಕು ಸ್ವರದಲ್ಲಿ ಕೂತಿವೆ. ಬಲಗೈಯಲ್ಲಿ ಎಂಟು ಸ್ವರ ತಿರುಗಿಸುತ್ತಾ ಎಡಗೈಯಲ್ಲಿ ಕೆಳಗಿನ ಇ ಒತ್ತಿ ಹಿಡಿಯಿರಿ, ನಾಲ್ಕು ಸುತ್ತಾದ ಮೇಲೆ ಸಿಗೆ ಇಳಿಸಿ. ಮನೆಯ ದೀಪ ಬದಲಾದ ಹಾಗೆ ಅನಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗಾಂಧಾರವನ್ನು ಆಧಾರ ಮಾಡಿಕೊಂಡ ಗ್ರಹಭೇದದ ಸಣ್ಣ ರುಚಿ.

ಕೀಬೋರ್ಡಿನ ಆರ್ಪೆಜಿಯೇಟರ್ (ಹಿಡಿದ ಸ್ವರಗಳನ್ನು ತಾನೇ ಒಂದೊಂದಾಗಿ ನುಡಿಸುವ ಸೌಲಭ್ಯ) ಹಾಕಿದರೆ ತಾಳಕ್ಕೆ ಕೂರುವುದಿಲ್ಲ. ಯಾಕೆ?

ನೀವು ನಾಲ್ಕೇ ಸ್ವರ ಹಿಡಿದಿದ್ದೀರಿ, ಅದಕ್ಕೆ. ಸಿ, ಇ, ಜಿ, ಬಿ ಹಿಡಿದು 'ಅಪ್-ಡೌನ್' ಹಾಕಿದರೆ ಯಂತ್ರ ಸಿ ಇ ಜಿ ಬಿ ಜಿ ಇ ಎಂದು ಆರೇ ಸ್ವರ ಸುತ್ತುತ್ತದೆ. ನಾಲ್ಕು ಎಣಿಕೆಯ ಆವರ್ತದಲ್ಲಿ ಹದಿನಾರು ಕಾಲು ಹೆಜ್ಜೆ. ಆರರ ಸುತ್ತು ಅದರೊಳಗೆ ಕೂರದೆ ಜಾರುತ್ತಾ ಹೋಗಿ, ಮೂರು ಆವರ್ತ ಕಳೆದ ಮೇಲಷ್ಟೇ ಸಮಕ್ಕೆ ಬರುತ್ತದೆ. ರೇಂಜನ್ನು ಎರಡು ಆಕ್ಟೇವ್ ಮಾಡಿದರೆ ಹದಿನಾಲ್ಕಾಗುತ್ತದೆ, ಅದೂ ಉಪಯೋಗವಿಲ್ಲ.

ಐದು ಸ್ವರ ಹಿಡಿಯಿರಿ: ಸಿ, ಇ, ಜಿ, ಬಿ, ಮೇಲಿನ ಸಿ. ರೇಂಜ್ ಒಂದು ಆಕ್ಟೇವ್. ಆಗ ಸರಿಯಾಗಿ ಎಂಟು. ಇಷ್ಟಾದರೂ ಹತ್ತು ಸ್ವರ ಬರುತ್ತಿದ್ದರೆ ನಿಮ್ಮ ಯಂತ್ರ ತುದಿಯ ಸ್ವರಗಳನ್ನು ಎರಡೆರಡು ಸಲ ನುಡಿಸುವ ಬಗೆಯ ಅಪ್-ಡೌನ್‌ನಲ್ಲಿದೆ. ಮೆನುವಿನಲ್ಲಿ ಸಾಮಾನ್ಯವಾಗಿ ಅದರ ಪಕ್ಕದಲ್ಲೇ ಇನ್ನೊಂದು ಬಗೆ ಇರುತ್ತದೆ, ಅದನ್ನು ಆರಿಸಿ.

ಗತಿ ನಿಮಿಷಕ್ಕೆ 84ರ ಆಸುಪಾಸು, ಎಣಿಕೆಗೆ ನಾಲ್ಕು ಸ್ವರ. ಒಂದು ಸುತ್ತಿಗೆ ಸುಮಾರು 1.43 ಸೆಕೆಂಡು. ಕೈಯಲ್ಲೇ ನುಡಿಸುವವರು ಬಲಗೈಯ ಐದೂ ಬೆರಳನ್ನು ಐದು ಸ್ವರದ ಮೇಲೆ ಇಟ್ಟು ಅಲ್ಲಾಡಿಸದೆ ಹೋಗಿ ಬನ್ನಿ. ಪುಟ್ಟ ಕೈಯವರಿಗೆ ಒಂದು ಆಕ್ಟೇವ್ ಅಗಲ ಸಿಗದಿದ್ದರೆ ಮೇಲಿನ ಸಿಯನ್ನು ಎಡಗೈಗೆ ಕೊಡಿ. ಕ್ಲಾಸಿನಲ್ಲಿ ಮಕ್ಕಳಿಗೆ ಅಳತೆ ಕಲಿಸಲು ಇದು ಸರಳೆವರಸೆಯಷ್ಟೇ ಒಳ್ಳೆಯ ಪಾಠ, ಅವರು ತಾವಾಗಿಯೇ ನೂರು ಸಲ ನುಡಿಸುತ್ತಾರೆ.

ಆ ಸದ್ದನ್ನು ದುಡ್ಡು ಕೊಡದೆ ತರಿಸಬಹುದೇ?

ಬಹುದು. ಡಿಕ್ಸನ್, ಸ್ಟೈನ್ ಬಳಸಿದ್ದು ಪ್ರಾಫೆಟ್-6, ರೋಲಂಡ್ ಎಸ್‌ಎಚ್-2 ಮೊದಲಾದ ಯಂತ್ರಗಳನ್ನು. ಅವುಗಳ ಬೆಲೆ ಕೇಳಿ ಹೆದರಬೇಡಿ. 'ಸರ್ಜ್ ಎಕ್ಸ್‌ಟಿ' ಎಂಬ ಮುಕ್ತ ಸಾಫ್ಟ್‌ವೇರ್ ಅಥವಾ 'ವೈಟಲ್'ನ ಉಚಿತ ಆವೃತ್ತಿ ಸಾಕು. ಖಾಲಿ ಪ್ಯಾಚ್‌ನಿಂದ ಶುರು ಮಾಡಿ.

ಎರಡು ಆಸಿಲೇಟರ್ (ಸದ್ದು ಹುಟ್ಟಿಸುವ ಭಾಗ), ಎರಡಕ್ಕೂ ಗರಗಸದ ಅಲೆ. ಎರಡನೆಯದನ್ನು 7 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಮೇಲಕ್ಕೆ ಎಳೆಯಿರಿ. ಮಧ್ಯದ ಸಿಗಿಂತ ಒಂದು ಆಕ್ಟೇವ್ ಕೆಳಗಿನ ಸಿ, ಅಂದರೆ 131 ಹರ್ಟ್ಸ್ ಬಳಿ, ಈ 7 ಸೆಂಟ್ ಎರಡು ಸೆಕೆಂಡಿಗೊಂದರಂತೆ ನಿಧಾನ ಅಲೆ ಎಬ್ಬಿಸುತ್ತದೆ. ಸದ್ದಿಗೆ ಜೀವ ಬರುವುದು ಇದರಿಂದಲೇ. 20 ಸೆಂಟ್ ದಾಟಿದರೆ ಮದುವೆ ಮನೆಯ ಆರ್ಕೆಸ್ಟ್ರಾ ಆಗುತ್ತದೆ.

ಫಿಲ್ಟರ್ ಲೋ-ಪಾಸ್, ಆಕ್ಟೇವ್‌ಗೆ 24 ಡೆಸಿಬೆಲ್ ಇಳಿಜಾರು, ರೆಸೊನೆನ್ಸ್ ನೂರಕ್ಕೆ 15. ಕಟ್‌ಆಫನ್ನು, ಅಂದರೆ ಫಿಲ್ಟರ್ ತಡೆಯಲು ಶುರು ಮಾಡುವ ಮಟ್ಟವನ್ನು, 250 ಹರ್ಟ್ಸ್‌ನಲ್ಲಿಟ್ಟು, 32 ಸುತ್ತು ಮುಗಿಯುವುದರೊಳಗೆ 2,500ಕ್ಕೆ ಏರಿಸಿ. ಒಟ್ಟು 46 ಸೆಕೆಂಡು ಹಿಡಿಯುತ್ತದೆ. ಎಲ್ಲರೂ ಎಡವುವುದು ಇಲ್ಲೇ: ಏರಿಕೆಯನ್ನು ಹತ್ತು ಸೆಕೆಂಡಿನಲ್ಲಿ ಮುಗಿಸಿಬಿಡುತ್ತಾರೆ. ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ, ಅದನ್ನು ಮುಚ್ಚಲು ಡ್ರಮ್ ತುಂಬುತ್ತಾರೆ.

ಎನ್ವಲಪ್ (ಒಂದೊಂದು ಸ್ವರವೂ ಏರಿ ಇಳಿಯುವ ರೀತಿ): ಅಟ್ಯಾಕ್ 5 ಮಿಲಿಸೆಕೆಂಡು, ಡಿಕೇ 300, ಸಸ್ಟೇನ್ ನೂರಕ್ಕೆ 35, ರಿಲೀಸ್ 150. ಅಟ್ಯಾಕ್ ಸೊನ್ನೆ ಇಟ್ಟರೆ ಪ್ರತಿ ಸ್ವರಕ್ಕೂ 'ಟಿಕ್' ಎಂಬ ಸದ್ದು ಅಂಟಿಕೊಳ್ಳುತ್ತದೆ. ಡಿಲೇ ಬೇಕಿದ್ದರೆ 84ರ ಗತಿಗೆ 536 ಮಿಲಿಸೆಕೆಂಡು, ಅಂದರೆ ಮುಕ್ಕಾಲು ಎಣಿಕೆ. ಫೀಡ್‌ಬ್ಯಾಕ್ ನೂರಕ್ಕೆ 25, ಮಿಕ್ಸ್ ನೂರಕ್ಕೆ 15. ಸರಿಯಾಗಿ ಒಂದು ಎಣಿಕೆ, 714 ಮಿಲಿಸೆಕೆಂಡು ಇಡಬೇಡಿ. ಎಂಟು ಸ್ವರದ ಸುತ್ತು ಮಧ್ಯದಲ್ಲಿ ಕನ್ನಡಿ ಹಿಡಿದಂತೆ ತಿರುಗುವುದರಿಂದ ಎಂಟರಲ್ಲಿ ನಾಲ್ಕು ಸಲ ಪ್ರತಿಧ್ವನಿ ಅದೇ ಹೆಸರಿನ ಸ್ವರದ ಮೇಲೇ ಬಿದ್ದು, ಬೇರೆಯಾಗಿ ಕೇಳದೆ ಕಲಸಿಹೋಗುತ್ತದೆ.

ಸ್ವರವನ್ನು ಎತ್ತರದ ಆಕ್ಟೇವ್‌ನಲ್ಲಿ ನುಡಿಸಿದರೆ ಮೊಬೈಲ್ ರಿಂಗ್‌ಟೋನ್ ಆಗುತ್ತದೆ. ಕೆಳಗೇ ಇರಲಿ.

ಎದೆಬಡಿತದ ಸದ್ದು ಹೆಡ್‌ಫೋನಿನಲ್ಲಿ ಕೇಳುತ್ತದೆ, ಮೊಬೈಲಿನಲ್ಲಿ ಮಾಯ. ಏನು ಮಾಡಲಿ?

ನೀವು 50 ಹರ್ಟ್ಸ್‌ನ ಸೈನ್ ಅಲೆ ಹಾಕಿರುತ್ತೀರಿ. ಮೊಬೈಲಿನ ಪುಟ್ಟ ಸ್ಪೀಕರ್ ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಕೊಡಲಾರದು. ವಾಲ್ಯೂಮ್ ಏರಿಸಿದರೆ ಕೇಳದ ಸದ್ದು ಇನ್ನೂ ಜೋರಾಗಿ ಕೇಳದಂತಾಗುತ್ತದೆ, ಜತೆಗೆ ಲಿಮಿಟರ್ ಅದಕ್ಕೆ ಹೆದರಿ ಮಾತನ್ನು ಅದುಮುತ್ತದೆ.

ಆ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನು ಮೆತ್ತಗೆ ಒರಟಾಗಿಸುವ ಪರಿಣಾಮ) ಹಾಕಿ. 50ರ ಮೇಲೆ 100, 150, 200, 250 ಎಂದು ಸಹಸ್ವರಗಳು ಹುಟ್ಟುತ್ತವೆ. ಮೂಲ ಕೇಳದಿದ್ದರೂ ಇವುಗಳಿಂದ ಕಿವಿ ತಳದ ಸ್ವರವನ್ನು ಊಹಿಸಿಕೊಳ್ಳುತ್ತದೆ. ಜತೆಗೆ 30 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡಿ. 'ಲಬ್' ಮತ್ತು 'ಡಬ್' ಒಂದೇ ಗಾತ್ರದಲ್ಲಿರಬಾರದು, ಎರಡನೆಯದು 4–5 ಡೆಸಿಬೆಲ್ ಕಡಿಮೆ ಇರಲಿ, ಇಲ್ಲವಾದರೆ ಬಾಗಿಲು ತಟ್ಟಿದಂತೆ ಕೇಳುತ್ತದೆ.

ಇದಕ್ಕೆ ತಂಬೂರಿ ಸೇರಿಸಿದರೆ ಚೆನ್ನಾಗಿರುತ್ತದೆಯೇ?

ಸೇರಿಸಿ, ಆದರೆ ಏನಾಗುತ್ತದೆಂದು ತಿಳಿದು ಸೇರಿಸಿ. ತಂಬೂರಿಯ ಷಡ್ಜದ ತಂತಿಯಲ್ಲೇ ಗಾಂಧಾರ ತಾನಾಗಿ ಮೊಳಗುತ್ತದೆ, ಅದು ತಂತಿಯ ಐದನೇ ಸಹಸ್ವರ. ಷಡ್ಜ 130.8 ಹರ್ಟ್ಸ್ ಇದ್ದರೆ ಅದು 654. ಕೀಬೋರ್ಡಿನ ಇ ಇದಕ್ಕೆ ಹೊಂದುವುದಿಲ್ಲ, ಅದರ ಸಹಸ್ವರ 659ರಲ್ಲಿ ಬೀಳುತ್ತದೆ, ಏಕೆಂದರೆ ಕೀಬೋರ್ಡಿನ ಗಾಂಧಾರ ಶುದ್ಧ ಶ್ರುತಿಗಿಂತ ಸುಮಾರು 14 ಸೆಂಟ್ ಮೇಲಿದೆ. ಎರಡೂ ಕೂಡಿದಾಗ ಸೆಕೆಂಡಿಗೆ ಐದು ಸಲ ಸದ್ದು ಕಂಪಿಸುತ್ತದೆ. ನಿಷಾದದಲ್ಲೂ 12 ಸೆಂಟ್‌ನ ಇಂಥದೇ ಜಗಳ.

ಕಛೇರಿಯಲ್ಲಿ ಇದು ಅಪಶ್ರುತಿ. ದೆವ್ವದ ಕಥೆಯಲ್ಲಿ ಇದೇ ಬಂಡವಾಳ. ಕೇಳುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ತಂಬೂರಿಯನ್ನು ಸಿಂಥ್‌ಗಿಂತ 15ರಿಂದ 20 ಡೆಸಿಬೆಲ್ ಕೆಳಗಿಡಿ, ಒಮ್ಮೆ ಒಳಗೆ ತಂದ ಮೇಲೆ ಸುಮ್ಮನೆ ಬಿಡಿ. ಕೇಳುವವರು ಅದನ್ನು ಗುರುತಿಸಿಬಿಟ್ಟರೆ ಆಟ ಮುಗಿಯಿತು, ತಕ್ಷಣ ದೇವಸ್ಥಾನದ ಚಿತ್ರ ಬರುತ್ತದೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯಾದರೆ ಅದರ ಸಣ್ಣ ಶ್ರುತಿ ತಿರುಗಣೆ ಮಧ್ಯದಲ್ಲಿದೆಯೇ ಎಂದು ಮೊದಲು ಟ್ಯೂನರ್‌ನಲ್ಲಿ ನೋಡಿಕೊಳ್ಳಿ. ಷಡ್ಜವೇ ಆಚೀಚೆ ಇದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ, ಬರೀ ಕೆಟ್ಟದಾಗಿ ಕೇಳುತ್ತದೆ.

ಈ ಸಂಗೀತದ ಹಿಂದಿನ ಪ್ರೇರಣೆ ಯಾರು?

ಮುಖ್ಯವಾಗಿ ಇಬ್ಬರನ್ನು ಕೇಳಿ. ಜಾನ್ ಕಾರ್ಪೆಂಟರ್, ತನ್ನ ಭಯಾನಕ ಚಿತ್ರಗಳಿಗೆ ತಾನೇ ಸಿಂಥ್ ನುಡಿಸಿದ ನಿರ್ದೇಶಕ. 1978ರ 'ಹ್ಯಾಲೋವೀನ್' ಚಿತ್ರದ ಪಿಯಾನೋ ಐದು ಎಣಿಕೆಯ ಆವರ್ತದಲ್ಲಿದೆ, ಆ ಲಯವನ್ನು ಅವರಿಗೆ ಅವರ ತಂದೆ ಬೊಂಗೊ ಮೇಲೆ ಕಲಿಸಿದ್ದರು. ನಮಗೆ ಖಂಡ ಛಾಪು ಹೊಸದಲ್ಲ, ಆದರೂ ಕೈ ತಟ್ಟಿ ನೋಡಿದರೆ ತಪ್ಪುತ್ತದೆ. ಅಲ್ಲಿ ಹತ್ತು ಅರೆ ಎಣಿಕೆಗಳು ಮೂರು, ಮೂರು, ಎರಡು, ಎರಡು ಎಂದು ಒಡೆಯುತ್ತವೆ. ತಕಿಟ ತಕಿಟ ತಕ ತಕ ಎಂದು ಹೇಳಿಕೊಂಡರೆ ಕೂತುಬಿಡುತ್ತದೆ.

ಇನ್ನೊಂದು ಜರ್ಮನಿಯ ಟ್ಯಾಂಜರೀನ್ ಡ್ರೀಮ್ ತಂಡ. ತಿರುತಿರುಗಿ ಬರುವ ಸೀಕ್ವೆನ್ಸ್‌ಗಳ ಮೇಲೆ ಉದ್ದಕ್ಕೂ ಸಾಗುವ ಸಂಗೀತ ಅವರದು. ಅವರ ತುಣುಕುಗಳು ಮೊದಲ ಸೀಸನ್‌ನಲ್ಲೇ ಬರುತ್ತವೆ. ಆಮೇಲೆ ಆ ತಂಡವೇ ಈ ಸರಣಿಯ ಶೀರ್ಷಿಕೆ ಸಂಗೀತವನ್ನು ತನ್ನ ರೀತಿಯಲ್ಲಿ ನುಡಿಸಿ ಹೊರತಂದಿತು. ಗುರು ಶಿಷ್ಯನ ಕೃತಿಯನ್ನು ಹಾಡಿದ ಹಾಗೆ.

ಹಾಡುಗಳು ಬರೀ ಎಂಬತ್ತರ ದಶಕದ ನೆನಪಿಗಾಗಿಯೇ?

ಕೆಲವು ಹೌದು, ಅಂಗಡಿಯ ಬೋರ್ಡಿನಂತೆ ಕಾಲ ಹೇಳಲು ಬರುತ್ತವೆ. ಅವನ್ನು ಬಿಡಿ. ಕಥೆಯ ಪಾತ್ರಗಳ ಕಿವಿಗೂ ಬೀಳುವ ಹಾಡುಗಳು ಮಾತ್ರ ಇಲ್ಲಿ ಕೆಲಸಗಾರರು.

ಮೊದಲ ಸೀಸನ್‌ನಲ್ಲಿ ದ ಕ್ಲ್ಯಾಶ್ ತಂಡದ 'ಶುಡ್ ಐ ಸ್ಟೇ ಆರ್ ಶುಡ್ ಐ ಗೋ'. ಅಣ್ಣ ಜೊನಾಥನ್ ತಮ್ಮ ವಿಲ್‌ಗೆ ಕೇಳಿಸಿದ ಹಾಡು. ತಮ್ಮ ಕಾಣೆಯಾದ ಮೇಲೆ ಅದೇ ಅವನು ಬದುಕಿದ್ದಾನೆಂಬ ಸುಳಿವು, ಆಚೆ ಲೋಕದಲ್ಲಿ ಅಡಗಿ ಕೂತ ಹುಡುಗ ಧೈರ್ಯಕ್ಕೆ ಗುನುಗುವುದೂ ಅದನ್ನೇ. 1982ರ ಈ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ್ದು 1991ರಲ್ಲಿ, ಒಂದು ಜೀನ್ಸ್ ಜಾಹೀರಾತಿನಿಂದ. ಹಳೆಯ ಹಾಡು ವರ್ಷಗಳಾದ ಮೇಲೆ ಮೊದಲ ಸ್ಥಾನಕ್ಕೇರುವ, ಮುಂದೆ ಹೇಳುವ ಕೇಟ್ ಬುಷ್ ಕಥೆ ಹೊಸದಲ್ಲ ಎನ್ನಲು ಈ ಮಾತು.

ಎರಡನೇ ಸೀಸನ್ ಮುಗಿಯುವುದು ಶಾಲೆಯ ನೃತ್ಯಕೂಟದಲ್ಲಿ, ದ ಪೊಲೀಸ್ ತಂಡದ 'ಎವ್ರಿ ಬ್ರೆತ್ ಯು ಟೇಕ್' ಮೇಲೆ. ಜೋಡಿಗಳು ಕುಣಿಯುವ ಪ್ರೇಮಗೀತೆ ಎಂದು ಲೋಕ ನಂಬಿದೆ. ಸಾಲುಗಳನ್ನು ಗಮನವಿಟ್ಟು ಕೇಳಿದರೆ ಒಬ್ಬ ಇನ್ನೊಬ್ಬರ ಪ್ರತಿ ಉಸಿರನ್ನೂ ಬಿಡದೆ ಕಾಯುತ್ತಿದ್ದಾನೆ. ಕ್ಯಾಮೆರಾ ತಲೆಕೆಳಗಾಗುತ್ತದೆ, ಶಾಲೆಯ ಮೇಲೆ ನಿಂತು ಮಕ್ಕಳನ್ನು ನೋಡುತ್ತಿರುವ ದೈತ್ಯ ಕಾಣುತ್ತಾನೆ, ಹಾಡು ಇನ್ನೂ ಮುಗಿದಿರುವುದಿಲ್ಲ. ಇಡೀ ಸರಣಿಯಲ್ಲಿ ಹಾಡಿನ ಆಯ್ಕೆ ಇದಕ್ಕಿಂತ ಜಾಣತನದಿಂದ ಬೇರೆಲ್ಲೂ ಆಗಿಲ್ಲ.

ಮೂರನೇ ಸೀಸನ್‌ನ 'ನೆವರ್ ಎಂಡಿಂಗ್ ಸ್ಟೋರಿ' ಪ್ರಸಂಗ ನಗೆಯದು: ಲೋಕ ಮುಳುಗುತ್ತಿರುವಾಗ ಪ್ಲಾಂಕ್ ಸ್ಥಿರಾಂಕದ ಬೆಲೆ ಹೇಳಬೇಕಾದರೆ ಮೊದಲು ಜತೆಗೆ ಹಾಡು ಎಂದು ಹುಡುಗಿ ಹಟ ಹಿಡಿಯುತ್ತಾಳೆ. ಅವಳು ಹೇಳುವ ಅಂಕೆ ಕಥೆ ನಡೆಯುವ 1985ರದ್ದಲ್ಲ, 2014ರಲ್ಲಿ ನಿಗದಿಯಾದ ಬೆಲೆ. ಹಾಡು ಮಾತ್ರ 1984ರದ್ದು, ಲೆಕ್ಕ ಸರಿ.

ಕೇಟ್ ಬುಷ್ ಅವರ ಹಾಡೇ ಯಾಕೆ?

ನಾಲ್ಕನೇ ಸೀಸನ್‌ನಲ್ಲಿ ವೆಕ್ನಾ ಎಂಬ ರಾಕ್ಷಸ ಮನಸ್ಸಿನೊಳಗೆ ಹೊಕ್ಕು ಕೊಲ್ಲುತ್ತಾನೆ. ಆ ಬಲೆಯಿಂದ ಹೊರಗೆಳೆಯುವುದು ಸಿಕ್ಕಿಬಿದ್ದವರ ಮೆಚ್ಚಿನ ಹಾಡು ಮಾತ್ರ. ಈ ಸೂತ್ರ ಪಾತ್ರಗಳಿಗೆ ಹೊಳೆಯುವುದು ವಿಕ್ಟರ್ ಕ್ರೀಲ್ ಎಂಬ ಮುದುಕನಿಂದ, ಅವನನ್ನು ಉಳಿಸಿದ್ದು ಎಲಾ ಫಿಟ್ಸ್‌ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ 'ಡ್ರೀಮ್ ಎ ಲಿಟಲ್ ಡ್ರೀಮ್ ಆಫ್ ಮಿ'. ಮಲ ಅಣ್ಣನನ್ನು ಕಳೆದುಕೊಂಡ ಹುಡುಗಿ ಮ್ಯಾಕ್ಸ್‌ಗೆ ಆ ಹಾಡು 'ರನ್ನಿಂಗ್ ಅಪ್ ದಟ್ ಹಿಲ್'. ನಾಲ್ಕನೇ ಕಂತಿನಲ್ಲಿ ಗೋರಿಯ ಮುಂದೆ ವೆಕ್ನಾನ ಬಲೆಗೆ ಬಿದ್ದ ಅವಳ ಕಿವಿಗೆ ಗೆಳೆಯರು ವಾಕ್‌ಮನ್ ಹೆಡ್‌ಫೋನ್ ಹಾಕುತ್ತಾರೆ.

ಒಬ್ಬರ ನೋವು ಇನ್ನೊಬ್ಬರಿಗೆ ಗೊತ್ತಾಗಬೇಕಾದರೆ ದೇವರ ಜತೆ ಒಪ್ಪಂದ ಮಾಡಿಕೊಂಡು ಜಾಗ ಬದಲಿಸಿಕೊಳ್ಳಬೇಕು ಎನ್ನುವುದು ಹಾಡಿನ ಆಶಯ. ಸತ್ತ ಅಣ್ಣನ ಬದಲು ನಾನಾಗಿದ್ದರೆ ಎಂದು ಕೊರಗುವ ಹುಡುಗಿಗೆ ಇದಕ್ಕಿಂತ ಹೊಂದುವ ಹಾಡಿಲ್ಲ. 'ಎ ಡೀಲ್ ವಿತ್ ಗಾಡ್' ಎಂಬುದೇ ಮೊದಲ ಹೆಸರು. ಧಾರ್ಮಿಕ ದೇಶಗಳಲ್ಲಿ ರೇಡಿಯೋದವರು ಹಾಕುವುದಿಲ್ಲ ಎಂದು ರೆಕಾರ್ಡ್ ಕಂಪನಿ ಅಂಜಿದ್ದರಿಂದ ಅದು ಆವರಣದೊಳಕ್ಕೆ ಸರಿಯಿತು.

ಹಾಡು 1985ರ ಆಗಸ್ಟ್ 5ರದ್ದು, ಆಗ ಬ್ರಿಟನ್ನಿನಲ್ಲಿ 3ನೇ ಸ್ಥಾನ. ಸೀಸನ್ ಬಂದದ್ದು 2022ರ ಮೇ 27ಕ್ಕೆ. ಜೂನ್‌ನಲ್ಲಿ ಹಾಡು ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು, 36 ವರ್ಷ 310 ದಿನಗಳ ದಾರಿ, ಅದೊಂದು ಗಿನ್ನೆಸ್ ದಾಖಲೆ. ಕೇಟ್ ಬುಷ್ ಅವರ ಹಿಂದಿನ ಮೊದಲ ಸ್ಥಾನ 1978ರದ್ದು. ಅಮೆರಿಕದ ಹಾಟ್ 100 ಪಟ್ಟಿಯಲ್ಲಿ 1985ರಲ್ಲಿ 30ಕ್ಕೆ ನಿಂತಿದ್ದು ಈ ಸಲ 3ಕ್ಕೆ ಬಂತು.

ಆ ಹಾಡನ್ನು ನುಡಿಸುವಾಗ ಏನು ಗಮನಿಸಬೇಕು?

ಶ್ರುತಿ ಸಿ ಮೈನರ್, ಗತಿ 108. ಬಿಳಿ ಒಂದು ಷಡ್ಜವಾದರೆ ಸ್ವರಗಳು ನಟಭೈರವಿಯವು. ಕಾರ್ಡುಗಳ ನಡಿಗೆ ಎ ಫ್ಲಾಟ್, ಬಿ ಫ್ಲಾಟ್, ಸಿ ಮೈನರ್, ಅಂದರೆ ತಳದಲ್ಲಿ ದ, ನಿ, ಸ. ಮೇಲೆ ಒಂದೇ ಸದ್ದು ಶ್ರುತಿಯಂತೆ ನಿಂತಿರುತ್ತದೆ, ಅದನ್ನು ಬಿಟ್ಟು ಬರೀ ಕಾರ್ಡ್ ಬದಲಿಸುತ್ತಾ ಹೋದರೆ ಹಾಡು ಚಪ್ಪಟೆಯಾಗುತ್ತದೆ. ಮೂಲದ ಆ ಕೊರಗುವ ಎಳೆ ಫೇರ್‌ಲೈಟ್ ಎಂಬ ಆರಂಭ ಕಾಲದ ಸ್ಯಾಂಪ್ಲರ್‌ನದ್ದು, ಡ್ರಮ್ ಲಿನ್‌ಡ್ರಮ್ ಯಂತ್ರದ್ದು. ಡ್ರಮ್ಮಿನಲ್ಲಿ ಟಾಮ್‌ಗಳೇ ಕುದುರೆಯ ಹಾಗೆ ಓಡುತ್ತವೆ. ಹೈ-ಹ್ಯಾಟ್ ಹಾಕಿದರೆ ಆ ಓಟ ಡಿಸ್ಕೋ ಆಗಿಬಿಡುತ್ತದೆ.

ನಾಲ್ಕನೇ ಸೀಸನ್‌ನಲ್ಲಿ ಎಡ್ಡಿ ಎಂಬ ಪಾತ್ರ ಗಿಟಾರ್ ನುಡಿಸುವ ದೃಶ್ಯ ನಿಜವೇ?

ಹಾಡು ಮೆಟಾಲಿಕಾ ತಂಡದ 'ಮಾಸ್ಟರ್ ಆಫ್ ಪಪೆಟ್ಸ್'. ಆಲ್ಬಂ ಬಂದದ್ದು 1986ರ ಮಾರ್ಚ್ 3, ಕಥೆ ನಡೆಯುವುದೂ ಅದೇ ಮಾರ್ಚ್ ತಿಂಗಳಲ್ಲಿ. ಎಡ್ಡಿ ಕ್ಯಾಸೆಟ್ ಬಂದ ದಿನದಿಂದ ಕೂತು ಕಲಿತಿರಬೇಕು, ಅಸಾಧ್ಯವಲ್ಲ. ಧ್ವನಿಪಥಕ್ಕೆ ತಂಡದ ಬೇಸ್ ವಾದಕ ರಾಬರ್ಟ್ ಟ್ರುಜಿಲೊ ಅವರ ಮಗ ಟೈ ಕೂಡ ಗಿಟಾರ್ ನುಡಿಸಿದ್ದಾರೆ.

ಕಲಿಯುವವರಿಗೆ ಕಷ್ಟ ಬೆರಳಿನಲ್ಲಲ್ಲ, ಬಲ ಮಣಿಕಟ್ಟಿನಲ್ಲಿ. ನಿಮಿಷಕ್ಕೆ 210 ದಾಟುವ ಗತಿಯಲ್ಲಿ ಪಿಕ್ ಕೆಳಮುಖವಾಗಿಯೇ ಹೊಡೆಯಬೇಕು. ಮೇಲೆ ಕೆಳಗೆ ಹೊಡೆದರೆ ಸುಲಭ, ಆದರೆ ಆ ಕತ್ತರಿಸುವ ಸದ್ದು ಬರುವುದಿಲ್ಲ. 120ರಿಂದ ಶುರು ಮಾಡಿ ಐದೈದರಂತೆ ಏರಿಸಿ. ಪಿಕ್ ತಂತಿಯಿಂದ ಅರ್ಧ ಸೆಂಟಿಮೀಟರಿಗಿಂತ ಮೇಲೇಳಬಾರದು. ಮುಂಗೈ ಉರಿಯತೊಡಗಿದರೆ ಮೊಣಕೈಯಿಂದ ಹೊಡೆಯುತ್ತಿದ್ದೀರಿ ಎಂದರ್ಥ, ನಿಲ್ಲಿಸಿ.

ಕಾಲಕ್ಕೆ ಹೊಂದದ ಹಾಡು ಯಾವುದಾದರೂ ಇದೆಯೇ?

ಇದೆ. ಮೊದಲ ಸೀಸನ್‌ನ ಮೂರನೇ ಕಂತಿನ ಕೊನೆಗೆ, ಕ್ವಾರಿಯ ನೀರಿನಿಂದ ಹುಡುಗನ ದೇಹ ಎತ್ತುವಾಗ ಬರುವ 'ಹೀರೋಸ್'. ಡೇವಿಡ್ ಬೋವಿ ಅವರ 1977ರ ಹಾಡೇನೋ ನಿಜ, ಆದರೆ ಅಲ್ಲಿ ಕೇಳುವುದು ಪೀಟರ್ ಗೇಬ್ರಿಯಲ್ 2010ರಲ್ಲಿ ಹಾಡಿದ್ದು. ಪಾತ್ರಗಳಿಗೆ ಕೇಳುವ ಹಾಡಲ್ಲವಾದ್ದರಿಂದ ತಪ್ಪೆನ್ನಲಾಗದು. ನಾಲ್ಕನೇ ಸೀಸನ್‌ನಲ್ಲಿ ಫಿಲಿಪ್ ಗ್ಲಾಸ್ ಅವರ 'ಅಖ್ನಾತನ್' ಒಪೆರಾದ ತುಣುಕು ಬರುವುದೂ ಹೀಗೆಯೇ. ಗ್ಲಾಸ್ ಅರವತ್ತರ ದಶಕದಲ್ಲಿ ರವಿಶಂಕರ್ ಜತೆ ಕೆಲಸ ಮಾಡುತ್ತಾ ಲಯವನ್ನು ಸಣ್ಣ ತುಂಡುಗಳಾಗಿ ಕೂಡಿಸುವುದನ್ನು ಕಲಿತವರು. ತಿರುತಿರುಗಿ ಬರುವ ಅವರ ಸಂಗೀತ ಡಿಕ್ಸನ್–ಸ್ಟೈನ್ ಸೀಕ್ವೆನ್ಸ್‌ಗಳ ಪಕ್ಕ ಅಷ್ಟು ಸಲೀಸಾಗಿ ಕೂರುವುದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ಕ್ಯಾಸೆಟ್ಟಿನ ಸದ್ದು ತರುವುದು ಹೇಗೆ? ನಮ್ಮ ವಾಕ್‌ಮನ್ ನಿಧಾನ ಓಡುತ್ತದೆ.

ಸಾಫ್ಟ್‌ವೇರ್‌ನಲ್ಲಾದರೆ: 100 ಹರ್ಟ್ಸ್‌ಗಿಂತ ಕೆಳಗೆ ಮತ್ತು 10,000ಕ್ಕಿಂತ ಮೇಲೆ ಕತ್ತರಿಸಿ, ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ವೇಗದಲ್ಲಿ ಶ್ರುತಿಯನ್ನು ನೂರಕ್ಕೆ 0.3ರಷ್ಟು ಅಲ್ಲಾಡಿಸಿ, ಹಿಸ್ ಸದ್ದನ್ನು ಮೈನಸ್ 50 ಡೆಸಿಬೆಲ್ ಸುತ್ತ ಇಡಿ. ಅಲ್ಲಾಟ ನೂರಕ್ಕೆ ಒಂದು ದಾಟಿದರೆ ಕುಡಿದವರ ಕ್ಯಾಸೆಟ್. ಹಿಸ್ ಹಾಡಿನ ಜತೆಗೇ ಶುರುವಾಗಬಾರದು, ಪ್ಲೇ ಗುಂಡಿಯ 'ಟಕ್' ಆದ ಮೇಲೆ ಅರ್ಧ ಸೆಕೆಂಡು ಬರೀ ಹಿಸ್ ಇರಲಿ. ಕಿವಿ ನಂಬುವುದು ಆ ಅರ್ಧ ಸೆಕೆಂಡನ್ನು.

ನಿಜವಾದ ಯಂತ್ರವಿದ್ದರೆ, ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನೂರಕ್ಕೆ 5.6 ನಿಧಾನವಾದರೆ ಹಾಡು ಸರಿಯಾಗಿ ಅರ್ಧ ಸ್ವರ ಇಳಿಯುತ್ತದೆ. ಪರೀಕ್ಷೆಗೆ ಇನ್ನೊಂದು ಸರಿಯಿರುವ ಡೆಕ್‌ನಲ್ಲಿ 1,000 ಹರ್ಟ್ಸ್ ಸದ್ದು ರೆಕಾರ್ಡ್ ಮಾಡಿ ಇದರಲ್ಲಿ ಹಾಕಿ, ಮೊಬೈಲ್ ಟ್ಯೂನರ್ 944 ತೋರಿಸಿದರೆ ಅರ್ಧ ಸ್ವರ ಹೋಯಿತು. ಅದೇ ಯಂತ್ರದಲ್ಲಿ ರೆಕಾರ್ಡ್ ಮಾಡಿ ಅದರಲ್ಲೇ ಕೇಳಿದರೆ ತಪ್ಪು ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಮೊದಲು ಬ್ಯಾಟರಿ ಬದಲಿಸಿ. ಆಗದಿದ್ದರೆ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಬೆಲ್ಟ್ ಕರಗಿ ಡಾಂಬರಿನಂತಾಗಿದ್ದರೆ ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿಯೇ ಹೊಸ ಬೆಲ್ಟ್ ಹಾಕಿ. ಹೆಡ್ಡಿಗೂ ಅದನ್ನೇ ಬಳಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಹೆಡ್ಡಿನ ಮೇಲೆ ಅಂಟಿ ಕೂರುತ್ತದೆ.

ಈ ಸಂಗೀತವನ್ನು ನಮ್ಮ ಕನ್ನಡ ಆಡಿಯೋ ಕಥೆಯಲ್ಲಿ ಬಳಸಬಹುದೇ?

ಒಪ್ಪಿಗೆಯಿಲ್ಲದೆ ಇಲ್ಲ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ, ರಚನೆಯದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಅನುಮತಿ ಬೇಕು. 'ಹತ್ತು ಸೆಕೆಂಡಿನವರೆಗೆ ಪುಕ್ಕಟೆ' ಎನ್ನುವುದು ಬರೀ ಬಾಯಿಮಾತು, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಅಳತೆ ಇಲ್ಲ. ನಾವೇ ಹಾಡಿಕೊಳ್ಳುತ್ತೇವೆ ಎಂದರೂ ರಚನೆಯ ಹಕ್ಕು ಉಳಿಯುತ್ತದೆ. ಕವರ್ ಹಾಡಿಗೆ ಕಾಯ್ದೆಯ 31ಸಿ ಕಲಂ ಇದೆ, ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಮುಂತಾದ ಷರತ್ತುಗಳಿವೆ, ಮನೆಯಲ್ಲಿ ಕೂತು ಸರಣಿ ಮಾಡುವವರ ಕೈಗೆ ಎಟುಕುವುದಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1985ರ ಹಾಡಿಗೆ 2045ರ ಕೊನೆಯವರೆಗೆ ಕಾಯಬೇಕು.

ಸ ಗ ಪ ನಿ ಮಾತ್ರ ಯಾರ ಸ್ವತ್ತೂ ಅಲ್ಲ. ಅದೇ ಎಂಟರ ಸುತ್ತು, ಅದೇ ಗತಿ, ಅದೇ ಸದ್ದು ಬೇಡ, ಅಷ್ಟೆ. ಏಳು ಸ್ವರದ ಸುತ್ತು ಮಾಡಿ, ಮಿಶ್ರ ಛಾಪಿಗೆ ಕೂರಿಸಿ, ಗತಿಯನ್ನು 66ಕ್ಕೆ ಇಳಿಸಿ, ಸಿಂಥ್ ಬದಲು ಹಾರ್ಮೋನಿಯಂ ತಿದಿಯ ಉಸಿರು ಇಡಿ. ಮಾತು ಬರುವಲ್ಲಿ ಸಂಗೀತ 15ರಿಂದ 20 ಡೆಸಿಬೆಲ್ ಕೆಳಗಿರಲಿ, ಇಡೀ ಕಂತಿನ ಸರಾಸರಿ ಗಟ್ಟಿತನ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಸುತ್ತ ಇದ್ದರೆ ಸಾಕು. ಹಂಸಧ್ವನಿಯ ಹಳೆಯ ಕೃತಿಯನ್ನೇ ತಿರುಚಿ ಬಳಸುವುದಾದರೂ ಅಡ್ಡಿಯಿಲ್ಲ, ಹಂಸಧ್ವನಿಯ 'ವಾತಾಪಿ ಗಣಪತಿಂ' ರಚಿಸಿದ ಮುತ್ತುಸ್ವಾಮಿ ದೀಕ್ಷಿತರು ತೀರಿಕೊಂಡದ್ದು 1835ರಲ್ಲಿ. ಆದರೆ ಯಾರದೋ ಕಛೇರಿಯ ರೆಕಾರ್ಡಿಂಗ್ ಕತ್ತರಿಸಿ ಹಾಕಬೇಡಿ. ಕೃತಿ ಎಲ್ಲರದು, ಆ ರೆಕಾರ್ಡಿಂಗ್ ಅಲ್ಲ. ನೀವೇ ಹಾಡಿ, ಅಥವಾ ಗೊತ್ತಿರುವವರಿಂದ ಹಾಡಿಸಿ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.